ಕುದುರೆಯ ಮಡ್ ಫೀವರ್‌ಗೆ ಕ್ಲೋರ್‌ಹೆಕ್ಸಿಡಿನ್ ಸ್ಕ್ರಬ್: ಎರಡು ಮಳೆಗಾಲ ಬಳಸಿ ನೋಡಿದ್ದು

ನಮ್ಮ ಕೆಂಪಿ ರೇಸ್ ಬಿಟ್ಟ ಥರೋಬ್ರೆಡ್ ಹೆಣ್ಣು ಕುದುರೆ. ಮೈಯೆಲ್ಲ ಕೆಂದು ಬಣ್ಣ, ಹಿಂಗಾಲು ಎರಡಕ್ಕೆ ಮಾತ್ರ ಸಾಕ್ಸ್ ಹಾಕಿದ ಹಾಗೆ ಬಿಳಿ ಕೂದಲು, ಅದರಡಿ ಗುಲಾಬಿ ಚರ್ಮ. ನೋಡೋಕೆ ಬಹಳ ಚೆಂದ. ಆದರೆ ಸಕಲೇಶಪುರದ ಮಳೆಗೆ ಮೊದಲು ಸೋಲುವುದು ಆ ಎರಡು ಕಾಲುಗಳೇ.

ಎರಡು ವರ್ಷದ ಹಿಂದೆ ಜುಲೈನಲ್ಲಿ ಜಿಟಿಜಿಟಿ ಮಳೆ ಹಿಡಿದು ಹತ್ತು ದಿನ ಬಿಟ್ಟಿರಲಿಲ್ಲ. ಒಂದು ಸಂಜೆ ಗೊರಸಿನ ಹಿಂದೆ, ಮೇಲ್ಗಡೆಯ ಕುಳಿಯಲ್ಲಿ ಕೈಯಾಡಿಸಿದೆ. ಅನ್ನದ ಅಗುಳು ಒಣಗಿ ಅಂಟಿದ ಹಾಗೆ ಗಟ್ಟಿಗಟ್ಟಿಯಾಗಿ ಸಿಕ್ಕಿತು. ಕೆಸರು ಅಂದುಕೊಂಡು ಉಗುರಿನಲ್ಲಿ ಕಿತ್ತೆ. ಅವಳು ಕಾಲು ಝಾಡಿಸಿದಳು. ಕೈಗೆ ಬಂದಿದ್ದು ಹಕ್ಕಳೆ. ಅದರ ಒಳಮೈಗೆ ಕೂದಲು ಬುಡಸಮೇತ ಕುಂಚದ ಹಾಗೆ ಅಂಟಿಕೊಂಡಿತ್ತು. ಕಿತ್ತ ಜಾಗದಲ್ಲಿ ತೆಳ್ಳಗೆ ಹಳದಿ ಕೀವು, ಹಸಿ ಚರ್ಮ.

ಗೊತ್ತಿಲ್ಲದೆ ಆಮೇಲೆ ಮಾಡಿದ್ದೆಲ್ಲ ತಪ್ಪೇ. ದಿನಾ ಎರಡು ಹೊತ್ತು ಪೈಪ್ ಹಿಡಿದು ಕಾಲು ತೊಳೆದೆವು. ಒದ್ದೆ ಕಾಲಿಗೇ ಅರಿಶಿನ, ಕೊಬ್ಬರಿ ಎಣ್ಣೆ ಕಲಸಿ ಹಚ್ಚಿದೆವು. ಒಂದು ವಾರಕ್ಕೆ ಎಡಗಾಲು ಬಾತುಕೊಂಡಿತು, ಮುಟ್ಟಿದರೆ ಬಿಸಿ. ಕುಂಟತೊಡಗಿದಳು. ಆಗ ಡಾಕ್ಟರನ್ನು ಕರೆಸಿದೆ.

"ಮೇಡಂ, ಇದು ಮಡ್ ಫೀವರ್. ಹೆಸರು ಫೀವರ್ ಅಂತಿದ್ರೂ ಇದು ಚರ್ಮದ ಕಾಯಿಲೆ" ಅಂದರು ಅವರು. ಜಾಸ್ತಿ ಸಲ ಇದಕ್ಕೆ ಕಾರಣ ಡರ್ಮಟೋಫಿಲಸ್ ಕಾಂಗೋಲೆನ್ಸಿಸ್ ಅನ್ನುವ ಬ್ಯಾಕ್ಟೀರಿಯಾ. ಆರೋಗ್ಯವಾಗಿರುವ ಗಟ್ಟಿ ಚರ್ಮದ ಒಳಗೆ ಅದಕ್ಕೆ ದಾರಿ ಇಲ್ಲ. ದಿನಗಟ್ಟಲೆ ನೆನೆದು ಮೆತ್ತಗಾದ, ಕೆಸರಿನ ಮರಳು ಉಜ್ಜಿ ಗೀರಾದ ಚರ್ಮ ಸಿಕ್ಕರೆ ಒಳಗೆ ಹೋಗುತ್ತದೆ. ಹೋದ ಮೇಲೆ ಹಕ್ಕಳೆಯಡಿ, ಗಾಳಿ ಆಡದ ಜಾಗದಲ್ಲಿ ಬೆಳೆಯುತ್ತದೆ. ನಾವು ಹಚ್ಚಿದ ಎಣ್ಣೆ ಮಾಡಿದ್ದೂ ಅದನ್ನೇ ಅಲ್ವಾ? ಒದ್ದೆಯನ್ನು ಒಳಗೇ ಇಟ್ಟು ಮುಚ್ಚಳ ಹಾಕಿತ್ತು. ಕಾಲು ಬಾತಿದ್ದಕ್ಕೆ ಇಂಜೆಕ್ಷನ್ ಕೊಟ್ಟರು. ಹಚ್ಚಿ ತೊಳೆಯೋಕೆ ಬರೆದುಕೊಟ್ಟಿದ್ದು 4% ಕ್ಲೋರ್‌ಹೆಕ್ಸಿಡಿನ್ ಗ್ಲೂಕೋನೇಟ್ ಸ್ಕ್ರಬ್. ಆಸ್ಪತ್ರೆಗಳಲ್ಲಿ ಆಪರೇಷನ್‌ಗೆ ಮುಂಚೆ ಕೈ ತೊಳೆಯುತ್ತಾರಲ್ಲ, ಅದೇ.

ಕುದುರೆ ಔಷಧಿ ಅಂಗಡಿ ಹುಡುಕಿಕೊಂಡು ಬೆಂಗಳೂರಿಗೆ ಹೋಗಬೇಕಿಲ್ಲ, ಇದು ಮಾಮೂಲಿ ಮೆಡಿಕಲ್ ಶಾಪಿನಲ್ಲೇ ಸಿಗುತ್ತದೆ. ನಾನು ತಂದಿದ್ದು 500 ಮಿ.ಲೀ. ಬಾಟಲಿ. ಒಂದು ಬಾಟಲಿ ನಮಗೆ ಇಡೀ ಮಳೆಗಾಲಕ್ಕೆ ಸಾಕಾಯಿತು. ಬಣ್ಣ ಗುಲಾಬಿ, ವಾಸನೆ ಆಸ್ಪತ್ರೆಯದ್ದೇ. ಕೆಂಪಿ ಮೊದಲೆರಡು ದಿನ ಮೂಗು ಅರಳಿಸಿದಳು, ಆಮೇಲೆ ಸುಮ್ನೆ ನಿಂತಳು. ಹಸಿ ಚರ್ಮಕ್ಕೆ ತಾಗಿದರೂ ಕಾಲೆತ್ತಲಿಲ್ಲ. ನನಗೆ ತುಂಬ ಸಮಾಧಾನ ಆಗಿದ್ದು ಆಗಲೇ.

ಬಳಸುವ ರೀತಿಯಲ್ಲಿ ಎಲ್ಲ ಇದೆ. ಡಾಕ್ಟರ್ ಹೇಳಿದ ಲೆಕ್ಕ ಒಂದು ಪಾಲು ಸ್ಕ್ರಬ್‌ಗೆ ಮೂರು ಪಾಲು ಉಗುರುಬೆಚ್ಚಗಿನ ನೀರು. ಮೊದಲು ಗೊರಸಿನ ಮೇಲ್ಗಡೆ, ಕಾಲಿನ ಹಿಂದೆ ಇಳಿಬಿದ್ದ ಕುಚ್ಚಿನ ಕೂದಲನ್ನು ಕತ್ತರಿಯಲ್ಲಿ ಗಿಡ್ಡ ಮಾಡಿಕೊಂಡೆವು. ಕೈಗೆ ಗ್ಲೌಸ್ ಬೇಕೇ ಬೇಕು, ಅಪರೂಪಕ್ಕೆ ಇದು ಮನುಷ್ಯರಿಗೂ ಅಂಟುತ್ತದೆ. ಬಟ್ಟೆಯಲ್ಲಿ ಅದ್ದಿ ಹಕ್ಕಳೆಯ ಮೇಲೆ ನೊರೆ ಬರಿಸಿ, ಪೂರ್ತಿ ಹತ್ತು ನಿಮಿಷ ಬಿಡಬೇಕು. ಹಚ್ಚಿದ ತಕ್ಷಣ ತೊಳೆದರೆ ಔಷಧಿ ನೀರುಪಾಲು. ಅಷ್ಟು ಹೊತ್ತಿಗೆ ಹಕ್ಕಳೆ ನೆನೆದ ಹಪ್ಪಳದ ಹಾಗೆ ಮೆತ್ತಗಾಗುತ್ತದೆ. ಬಟ್ಟೆಯಲ್ಲಿ ಒರೆಸಿದಾಗ ತಾನಾಗಿ ಬಂದಷ್ಟೇ ಬರಲಿ. ಬರದಿದ್ದರೆ ನಾಳೆ ನೋಡಿಕೊಂಡರಾಯಿತು. ಒಣ ಹಕ್ಕಳೆಯನ್ನಂತೂ ದಯವಿಟ್ಟು ಕೀಳಬೇಡಿ, ಅದು ಅವುಗಳಿಗೆ ವಿಪರೀತ ನೋವು. ಇನ್ನೊಂದು ಮಾತು. ಇದರ ಜೊತೆ ಸೋಪು, ಶಾಂಪೂ ಸೇರಿಸಬೇಡಿ. ಸೋಪು ತಾಗಿದರೆ ಕ್ಲೋರ್‌ಹೆಕ್ಸಿಡಿನ್ ಕೆಲಸ ಮಾಡುವುದಿಲ್ಲ. ಕಣ್ಣಿಗೂ ತಾಗಬಾರದು.

ಆಮೇಲೆ ಚೆನ್ನಾಗಿ ತೊಳೆದು ಒಣಗಿಸುವುದು. ಇದಕ್ಕೇ ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ. ಒಂದು ಕಾಲಿಗೆ ಎರಡು ಬೈರಾಸು. ಉಜ್ಜದೆ ಒತ್ತಿ ಒತ್ತಿ ನೀರು ತೆಗೆಯಬೇಕು. ಕೊನೆಗೆ ಕುಳಿಯ ಮಡಿಕೆಯೊಳಗೆ ಬೆರಳಿಗೆ ಹತ್ತಿ ಬಟ್ಟೆ ಸುತ್ತಿ ಒರೆಸಿ ನೋಡಿದರೆ, ಒಣಗಿದೆ ಅಂದುಕೊಂಡ ಕಾಲಿನಲ್ಲೂ ಬಟ್ಟೆ ತೇವವಾಗುತ್ತಿತ್ತು. ಲಾಯದ ನೆಲದ ಸೊಪ್ಪು ತೆಗೆದು ಒಣ ಮರದ ಹೊಟ್ಟು ಹಾಸಿದೆವು. ಮಳೆ ಇದ್ದ ದಿನ ಹೊರಗೆ ಬಿಡಲಿಲ್ಲ. ಐದನೇ ದಿನಕ್ಕೆ ಹೊಸ ಹಕ್ಕಳೆ ನಿಂತಿತು. ಮೂರನೇ ವಾರಕ್ಕೆ ಹಸಿ ಚರ್ಮ ಮುಚ್ಚಿ ಸಣ್ಣ ಬಿಳಿ ಕೂದಲು ಹುಟ್ಟಿತು.

ಹಾಗಂತ ಇದನ್ನು ದಿನಾ ಬಳಸುವ ಸೋಪು ಮಾಡಿಕೊಳ್ಳಬೇಡಿ. ವಾಸಿಯಾದ ಮೇಲೂ ನಾನು ಒಂದು ವಾರ ದಿನಾ ಹಚ್ಚಿ ನೋಡಿದೆ, ಚರ್ಮ ಒಣಗಿ ಹೊಟ್ಟೇಳತೊಡಗಿತು. ನಿಲ್ಲಿಸಿದ ಮೇಲೆ ಸರಿಹೋಯಿತು. ತಡೆಯೋಕೆ ಈಗ ನಾವು ಬಳಸುವುದು ಜಿಂಕ್ ಆಕ್ಸೈಡ್ ಕ್ರೀಮು, ಮಕ್ಕಳ ಡೈಪರ್ ಗಂದೆಗೆ ಹಚ್ಚುವಂಥದ್ದು. ಒಣಗಿದ, ಗಾಯವಿಲ್ಲದ ಚರ್ಮಕ್ಕೆ ತೆಳ್ಳಗೆ ಹಚ್ಚಿದರೆ ನೀರು ಜಾರಿಹೋಗುತ್ತದೆ. ಕೆಸರು ಮೆತ್ತಿ ಬಂದರೆ ತೊಳೆಯುವುದಿಲ್ಲ. ಒಣಗಲು ಬಿಟ್ಟು ಬೆಳಿಗ್ಗೆ ಮೆತ್ತನೆ ಬ್ರಷ್‌ನಲ್ಲಿ ಉದುರಿಸುತ್ತೇವೆ.

ಆನ್‌ಲೈನಿನಲ್ಲಿ ನಿಯೋಪ್ರೀನ್ ಬೂಟು ಸಹ ತರಿಸಿದ್ದೆ, ಕೆಸರೇ ತಾಗಲ್ಲ ಅಂತ ಬರೆದಿದ್ದರು. ಎರಡು ಗಂಟೆಗೆ ಒಳಗೆ ನೀರು ಹೋಗಿ ಕಾಲು ಬೆಂದ ಹಾಗಾಗಿತ್ತು. ವಾಪಸ್ ತೆಗೆದುಕೊಳ್ಳಲಿಲ್ಲ. ಬೇರೆ ಊರಿನ ಹವೆಗೆ ಸರಿಹೋಗಬಹುದೇನೋ, ಮಲೆನಾಡಿಗೆ ಬೇಡ.

ಸ್ಕ್ರಬ್‌ಗೆ ನಾನು ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದಿದ್ದು ಚರ್ಮ ಒಣಗಿಸುವುದಕ್ಕೆ. ಆದರೆ ಕಾಲು ಬಾತು ಬಿಸಿಯಾಗಿದ್ದರೆ, ಕುಂಟುತ್ತಿದ್ದರೆ ಬಾಟಲಿ ತರುವ ಮೊದಲು ಡಾಕ್ಟರಿಗೆ ಫೋನ್ ಮಾಡಿ. ಬಿಳಿ ಚರ್ಮ ಮಾತ್ರ ಬಿಸಿಲಿಗೆ ಸುಟ್ಟ ಹಾಗಾಗಿದ್ದರೂ ಅಷ್ಟೇ, ಅದು ಲಿವರ್ ತೊಂದರೆಯಿಂದಲೂ ಬರುತ್ತದೆ. ಕುಚ್ಚು ದಟ್ಟ ಇರುವ ಕುದುರೆ ಪದೇ ಪದೇ ಕಾಲು ಕುಟ್ಟಿ ಕೆರೆದುಕೊಂಡರೆ ಮೈಟ್ ಅನ್ನುವ ತೀರಾ ಸಣ್ಣ ಹುಳ ಇರಬಹುದು, ಅದಕ್ಕೆ ಔಷಧಿ ಬೇರೆ.

ಈ ಸಲ ಜೂನ್ ಮೊದಲ ವಾರವೇ ಕುಚ್ಚು ಕತ್ತರಿಸಿ, ಗೇಟಿನ ಹತ್ತಿರ ಕೆಂಪಿ ನಿಲ್ಲುವ ಜಾಗಕ್ಕೆ ಎರಡು ಟ್ರ್ಯಾಕ್ಟರ್ ಜಲ್ಲಿಪುಡಿ ಹಾಕಿಸಿದ್ದೇವೆ. ನಿನ್ನೆ ರಾತ್ರಿ ಟಾರ್ಚ್ ಹಿಡಿದು ಎರಡೂ ಕುಳಿ ಮುಟ್ಟಿ ನೋಡಿದೆ. ಬೆಚ್ಚಗೆ ಒಣಗಿತ್ತು.