ಕಾಸರಗೋಡಿನ ಪ್ರೋಟೀನ್ ಅಂಗಡಿಯೊಂದರಲ್ಲಿ ಮುಕ್ಕಾಲು ಗಂಟೆ

ಕಾಸರಗೋಡು ಹೊಸ ಬಸ್‌ಸ್ಟ್ಯಾಂಡಿನಿಂದ ನಡೆದೇ ಹೋಗಬಹುದಾದ ದೂರದಲ್ಲಿ ಪ್ರೋಟೀನ್ ಪುಡಿ, ವಿಟಮಿನ್ ಮಾತ್ರೆ ಮತ್ತು ವ್ಯಾಯಾಮಕ್ಕೆ ಮೊದಲು ಕುಡಿಯುವ ಪುಡಿಗಳನ್ನು ಮಾರುವ ಅಂಗಡಿಯೊಂದಿದೆ. ಕಳೆದ ತಿಂಗಳು ತಂಗಿಯ ಮಗನೊಂದಿಗೆ ಅಲ್ಲಿಗೆ ಹೋಗಿದ್ದೆ. ಬದಿಯಡ್ಕದ ಕಡೆಯ ಹುಡುಗ, ಪ್ಲಸ್ ಟು ಓದುತ್ತಿದ್ದಾನೆ, 3,000 ಮೀಟರ್ ಓಡುತ್ತಾನೆ. ಅಂಗಡಿಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ನಾನು ಕಂಡ ಕೊರತೆ ಅದೊಂದರದ್ದೇ ಆಗಿರಲಾರದು.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಅಂಗಡಿ ಚೊಕ್ಕಟವಾಗಿದೆ, ಬಿಲ್ ಕೇಳದೆಯೇ ಕೊಡುತ್ತಾರೆ, ಡಬ್ಬಿಯ ಸೀಲು ಮತ್ತು ಅವಧಿ ಮುಗಿಯುವ ದಿನಾಂಕವನ್ನು ತೋರಿಸಿಯೇ ಮಾರುತ್ತಾರೆ. ಮಲಯಾಳದಲ್ಲಿ ಮಾತು ಶುರುಮಾಡಿದ ಯುವಕ ನಾವು ಕನ್ನಡದವರೆಂದು ತಿಳಿದ ಕೂಡಲೇ ಕನ್ನಡಕ್ಕೆ ಹೊರಳಿದ. ಡಬ್ಬಿಗಳ ಮೇಲೆ ಮಾತ್ರ ಕನ್ನಡವೂ ಇಲ್ಲ, ಮಲಯಾಳವೂ ಇಲ್ಲ.

ತೊಂದರೆ ಶುರುವಾದದ್ದು ನನ್ನ ಒಂದೇ ಪ್ರಶ್ನೆಯಿಂದ. ‘ಇದರಲ್ಲಿ ಕ್ರೀಡೆಯಲ್ಲಿ ನಿಷೇಧಿಸಿದ ವಸ್ತುವೇನಾದರೂ ಇದೆಯೇ?’ ಎಂದು ಕೇಳಿದಾಗ ಆತ ಡಬ್ಬಿ ತಿರುಗಿಸಿ ಎಫ್‌ಎಸ್‌ಎಸ್‌ಎಐ ಪರವಾನಗಿಯ 14 ಅಂಕಿಗಳನ್ನು ತೋರಿಸಿದ. ಆ ಸಂಖ್ಯೆ ಆಹಾರದ ವ್ಯವಹಾರಕ್ಕೆ ಸಿಕ್ಕ ಪರವಾನಗಿಯದು. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ವಾಡಾದ ನಿಷೇಧಿತ ಪಟ್ಟಿಗೂ ಅದಕ್ಕೂ ಸಂಬಂಧವಿಲ್ಲ. ವ್ಯಾಯಾಮಕ್ಕೆ ಮೊದಲು ಕುಡಿಯುವ ಒಂದು ಪುಡಿಯ ಮೇಲೆ ‘ಪ್ರೊಪ್ರೈಟರಿ ಬ್ಲೆಂಡ್’ ಎಂದು ಬರೆದು, ಹತ್ತಾರು ಗಿಡಮೂಲಿಕೆಗಳ ಹೆಸರನ್ನು ಪ್ರಮಾಣ ತಿಳಿಸದೆ ಒಟ್ಟಿಗೆ ಸೇರಿಸಿದ್ದರು. ಇಂಥ ಮಿಶ್ರಣಗಳಲ್ಲಿ ಸಿಕ್ಕಿಬಿದ್ದ ಹಿಜೆನಮೈನ್, ಮೀಥೈಲ್‌ಹೆಕ್ಸಾನಮೈನ್‌ಗಳು ನಿಷೇಧಿತ ವಸ್ತುಗಳು. ಹಿಜೆನಮೈನ್ ಸ್ಪರ್ಧೆಯಿಲ್ಲದ ದಿನಗಳಲ್ಲೂ ನಿಷಿದ್ಧ. ಬೇರೆ ಬೇರೆ ಸಂಸ್ಥೆಗಳು ಕ್ರೀಡಾಪಟುಗಳಿಗಾಗಿಯೇ ಬ್ಯಾಚ್ ಬ್ಯಾಚಾಗಿ ಪರೀಕ್ಷಿಸಿ ಹಾಕುವ ಗುರುತು ಯಾವುದಾದರೂ ಡಬ್ಬಿಯಲ್ಲಿದೆಯೇ ಎಂದು ಕೇಳಿದೆ. ಅಂಥದೊಂದು ಗುರುತು ಇದೆಯೆಂಬುದೇ ಆತನಿಗೆ ಹೊಸ ಸುದ್ದಿ.

ಅದು ಆತನ ತಪ್ಪಲ್ಲ ಎನ್ನಬಹುದು. ಆದರೆ ನಿಯಮದ ಪ್ರಕಾರ, ಮೂತ್ರದಲ್ಲಿ ಸಿಕ್ಕಿದ್ದು ಒಳಗೆ ಹೇಗೆ ಬಂತೆಂಬುದು ಏನೇ ಇರಲಿ, ಉಲ್ಲಂಘನೆಯ ಹೊಣೆ ಓಟಗಾರನದೇ. ಮಾರಿದವನದಲ್ಲ, ಕೊಡಿಸಿದ ಮಾವನದೂ ಅಲ್ಲ. 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಚಿನ್ನ ಗೆದ್ದ ಕುಂದಾಪುರ ಸೀಮೆಯ ಅಶ್ವಿನಿ ಅಕ್ಕುಂಜಿ ಮರುವರ್ಷ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಾಗ, ತರಬೇತುದಾರರು ತಂದುಕೊಟ್ಟ ಜಿನ್ಸೆಂಗ್‌ನಿಂದ ಹಾಗಾಯಿತೆಂಬ ವಾದ ಬಂದಿತ್ತು. ಇಲ್ಲಿ ಒಂದು ವರ್ಷಕ್ಕಿದ್ದ ಶಿಕ್ಷೆ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಯಲ್ಲಿ ಎರಡು ವರ್ಷವಾಯಿತು. 2024ರಲ್ಲಿ ಶಿಕಾಗೋದಲ್ಲಿ 2 ಗಂಟೆ 9 ನಿಮಿಷ 56 ಸೆಕೆಂಡುಗಳಲ್ಲಿ ಮ್ಯಾರಥಾನ್ ಮುಗಿಸಿದ ಕೀನ್ಯಾದ ರೂತ್ ಚೆಪ್‌ಂಗೆಟಿಚ್ ಅವರ ಮಾದರಿಯಲ್ಲಿ ಮುಂದಿನ ವರ್ಷ ಸಿಕ್ಕಿದ್ದು ಹೈಡ್ರೋಕ್ಲೋರೋಥಯಜೈಡ್. ನಮ್ಮ ಮನೆಗಳಲ್ಲಿ ಅಜ್ಜಿಯರು ನುಂಗುವ ಎಷ್ಟೋ ಬಿ.ಪಿ. ಮಾತ್ರೆಗಳಲ್ಲಿ ಇರುವುದೂ ಅದೇ. ಮೂತ್ರವನ್ನು ಹೆಚ್ಚಿಸಿ ಬೇರೆ ಮದ್ದಿನ ಗುರುತನ್ನು ಮರೆಮಾಡಬಲ್ಲದು ಎಂಬ ಕಾರಣಕ್ಕೆ ಅದು ಪಟ್ಟಿಯಲ್ಲಿದೆ. ಮನೆಕೆಲಸದಾಕೆಯ ಮಾತ್ರೆ ನುಂಗಿದೆನೆಂದು ಆಕೆ ಹೇಳಿದರೂ ಮೂರು ವರ್ಷಗಳ ನಿಷೇಧ ತಪ್ಪಲಿಲ್ಲ.

ಇಷ್ಟು ತಿಳಿದೂ ಅಂಗಡಿಗೆ ಹೋದದ್ದೇಕೆ? ಹುಡುಗನ ಹಟಕ್ಕೆ. ಹಟ ಅನ್ನುವುದೂ ಸರಿಯಲ್ಲ, ಅದು ಹೆದರಿಕೆ. ಉಪಜಿಲ್ಲೆಯಲ್ಲಿ ಮೊದಲಿಗನಾದವನು ಜಿಲ್ಲೆಯಲ್ಲಿ ಐದನೆಯವನಾದ. ಗ್ರೇಸ್ ಅಂಕ, ಕ್ರೀಡಾ ಕೋಟಾದ ಸೀಟು, ಮುಂದೆ ಪೊಲೀಸ್ ಅಥವಾ ರೈಲ್ವೆ ಕೆಲಸ, ಎಲ್ಲವೂ ಕೆಲವು ಸೆಕೆಂಡುಗಳಿಗೆ ಗಂಟುಬಿದ್ದಿವೆಯೆಂದು ಮನೆಯವರು ಊಟದ ಹೊತ್ತಿಗೂ ಲೆಕ್ಕ ಹಾಕುತ್ತಾರೆ. ಆ ಲೆಕ್ಕದಲ್ಲಿ ನಾನೂ ಒಬ್ಬ. ಜೊತೆಯಲ್ಲಿ ಓಡುವವನು ಏನೋ ತೆಗೆದುಕೊಳ್ಳುತ್ತಾನೆಂಬ ಗುಸುಗುಸು ಬೇರೆ. 2023ರಲ್ಲಿ ದೆಹಲಿಯ ರಾಜ್ಯ ಕೂಟಕ್ಕೆ ಪರೀಕ್ಷಕರು ಬಂದರೆಂದು ತಿಳಿದು ಸ್ಪರ್ಧಿಗಳು ಜಾರಿಕೊಂಡು, ನೂರು ಮೀಟರ್ ಫೈನಲ್‌ನಲ್ಲಿ ಒಬ್ಬನೇ ಓಡಿದ ಸುದ್ದಿಯನ್ನು ಓದಿದ ಹುಡುಗನಿಗೆ ‘ಯಾರೂ ಹಾಗೆ ಮಾಡುವುದಿಲ್ಲ’ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಆ ಹೆದರಿಕೆಯನ್ನು ಅಂಗಡಿಯವನು ಕ್ಷಣದಲ್ಲಿ ಗುರುತಿಸಿದ. ದೂರದ ಓಟಕ್ಕೆ ಪ್ರೋಟೀನ್ ಸಾಲದು, ‘ಸ್ಟಾಮಿನಾ’ ಬೇಕು ಎನ್ನುತ್ತ ಕೌಂಟರಿನ ಕೆಳಗಿನಿಂದ ಲೇಬಲ್ ಇಲ್ಲದ ಪೊಟ್ಟಣ ತೆಗೆದ. ಜಿಮ್‌ಗೆ ಬರುವವರಿಗೆ ರಕ್ತ ಹೆಚ್ಚಿಸುವ ಇಂಜೆಕ್ಷನ್ನಿನ ಪರಿಚಯವೂ ಇದೆಯೆಂದು ದನಿ ತಗ್ಗಿಸಿದ. ಆತನ ಮಾತು ಇಪಿಒ ಕಡೆಗಿತ್ತೆಂದು ನನ್ನ ಊಹೆ. ಕಿಡ್ನಿ ರೋಗದಿಂದ ರಕ್ತಹೀನತೆ ಬಂದವರಿಗೆ ಕೊಡುವ ಈ ಔಷಧ ಕೆಂಪು ರಕ್ತಕಣಗಳನ್ನು ಹೆಚ್ಚಿಸುತ್ತದೆ, ಸ್ನಾಯುಗಳಿಗೆ ಹೆಚ್ಚು ಆಮ್ಲಜನಕ ತಲುಪುತ್ತದೆ; ಆರೋಗ್ಯವಂತನಲ್ಲಿ ರಕ್ತ ದಪ್ಪಗಾಗಿ ಹೆಪ್ಪುಗಟ್ಟುವ, ಹೃದಯಕ್ಕೆ ಏಟಾಗುವ ಅಪಾಯವಿದೆ. ಕ್ರೀಡಾಪಟುವಿನ ರಕ್ತಪರೀಕ್ಷೆಗಳ ಲೆಕ್ಕವನ್ನು ಕಾಲಕಾಲಕ್ಕೆ ದಾಖಲಿಸಿ ಹೋಲಿಸುವ, 2009ರಿಂದ ಜಾರಿಯಲ್ಲಿರುವ ರಕ್ತದ ‘ಪಾಸ್‌ಪೋರ್ಟ್’ ಪದ್ಧತಿಯಲ್ಲಿ, ಮದ್ದು ಸಿಗದಿದ್ದರೂ ರಕ್ತದ ಏರುಪೇರೇ ಸಾಕ್ಷಿಯಾಗುತ್ತದೆ. ಪೊಟ್ಟಣವನ್ನು ಕೈಗೆತ್ತಿಕೊಳ್ಳದೆ ಹಿಂದಕ್ಕೆ ದೂಡಿದೆ.

ಪ್ರೋಟೀನ್ ಡಬ್ಬಿಗೆ 2,850 ರೂಪಾಯಿ ಹೇಳಿದರು, ಕೊಳ್ಳಲಿಲ್ಲ. ಮನೆಯಲ್ಲಿ ಕುಚ್ಚಲಕ್ಕಿ ಗಂಜಿ, ಹುರುಳಿ, ಮೊಟ್ಟೆ ತಿನ್ನುವ ಹುಡುಗನಿಗೆ ಅದು ಬೇಕೇ ಇರಲಿಲ್ಲ. ಬೇಡವೆಂದು ಹೇಳುವ ಒಬ್ಬರಾದರೂ ಆ ಅಂಗಡಿಯಲ್ಲಿದ್ದಿದ್ದರೆ ಐದರಲ್ಲಿ ನಾಲ್ಕು ಅಂಕ ಕೊಡುತ್ತಿದ್ದೆ. ಜಿಮ್‌ಗೆ ಮಾತ್ರ ಹೋಗುವವರು ಸೀಲು ನೋಡಿ ಕೊಂಡುಕೊಳ್ಳಲಿ. ಸ್ಪರ್ಧೆಗೆ ಓಡುವ ಮಕ್ಕಳಿರುವ ಮನೆಯವರು ಡಬ್ಬಿಯ ಬ್ಯಾಚ್ ಸಂಖ್ಯೆಯ ಫೋಟೋ ಮತ್ತು ಬಿಲ್ ಇಟ್ಟುಕೊಳ್ಳದೆ ಏನನ್ನೂ ಒಯ್ಯಬಾರದು. ನನ್ನ ಅಂಕ ಎರಡು. ಒಂದು ಬಿಲ್ಲಿಗೆ, ಒಂದು ಆ ಯುವಕನ ಕನ್ನಡಕ್ಕೆ.

ಪಕ್ಕದ ಮೆಡಿಕಲ್‌ನಲ್ಲಿ ಎರಡು ಓಆರ್‌ಎಸ್ ಪೊಟ್ಟಣ ಕೊಂಡು ಬಸ್ಸು ಹತ್ತಿದೆವು. ‘ಮಾವ, ಐದನೆಯವನು ಅಂದರೆ ಅಷ್ಟು ಕೆಟ್ಟದಾ?’ ಎಂದು ಹುಡುಗ ಕೇಳಿದ್ದು ವಿದ್ಯಾನಗರ ದಾಟಿದ ಮೇಲೆ.