ಮಗಳು ಬೆಂಗಳೂರಿನಲ್ಲಿ, ಪಿನ್ ಶಿರಸಿಯಲ್ಲಿ: ಯುಪಿಐ ಸರ್ಕಲ್ ಬಳಸಿದ ಅನುಭವ

ಕಳೆದ ವರ್ಷದ ಸೆಪ್ಟೆಂಬರ್‌ನಲ್ಲಿ ಮಗಳು ಎಂಜಿನಿಯರಿಂಗ್ ಓದಲೆಂದು ಬೆಂಗಳೂರಿಗೆ ಹೊರಟಾಗ ಹಾಸಿಗೆ, ಬಕೆಟ್, ಉಪ್ಪಿನಕಾಯಿ ಡಬ್ಬಿಗಳ ತಯಾರಿ ಎರಡೇ ದಿನಗಳಲ್ಲಿ ಮುಗಿದಿತ್ತು. ಅವಳ ಕೈಖರ್ಚಿಗೆ ಹಣ ಕೊಡುವುದು ಹೇಗೆ ಎಂಬ ಚರ್ಚೆ ಮಾತ್ರ ಎರಡು ವಾರ ನಡೆಯಿತು. ನಮ್ಮ ಕಡೆ ಬಹಳ ಮನೆಗಳಲ್ಲಿ ಅಪ್ಪನ ಎಟಿಎಂ ಕಾರ್ಡನ್ನು ಮಗುವಿನ ಕೈಗೆ ಕೊಟ್ಟು, ಪಿನ್ ಸಂಖ್ಯೆಯನ್ನು ಪುಸ್ತಕದ ಕೊನೆಯ ಪುಟದಲ್ಲಿ ಬರೆದು ಕಳುಹಿಸುವುದು ರೂಢಿ. ಪಿನ್ ಯಾರಿಗೂ ಹೇಳಬೇಡಿ ಎಂದು ಬ್ಯಾಂಕುಗಳು ಎಷ್ಟು ಸಾರಿದರೂ ಮಕ್ಕಳಿಗೆ ಹೇಳುವುದನ್ನು ನಾವ್ಯಾರೂ ತಪ್ಪೆಂದು ಎಣಿಸುವುದಿಲ್ಲ. ಅದಕ್ಕೆ ಬದಲಾಗಿ ನಾನು ಆರಿಸಿಕೊಂಡದ್ದು ಯುಪಿಐ ಸರ್ಕಲ್ ಎಂಬ ಸೌಲಭ್ಯ. ಏಳು ತಿಂಗಳು ಬಳಸಿದ ಮೇಲೆ, ಈ ವರ್ಷ ಮಕ್ಕಳನ್ನು ದೂರದ ಊರಿನ ಕಾಲೇಜಿಗೆ ಕಳುಹಿಸಲಿರುವ ತಂದೆ-ತಾಯಂದಿರಿಗೆ ಅನುಕೂಲವಾಗಲೆಂದು ಅದರ ಗುಣದೋಷಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು 2024ರ ಆಗಸ್ಟ್‌ನಲ್ಲಿ ಪ್ರಕಟಿಸಿದ ಈ ವ್ಯವಸ್ಥೆಯಲ್ಲಿ ಖಾತೆದಾರನು ತನ್ನ ಖಾತೆಯಿಂದ ಹಣ ಪಾವತಿಸುವ ಅಧಿಕಾರವನ್ನು ಗರಿಷ್ಠ ಐದು ಮಂದಿ ನಂಬಿಕಸ್ಥರಿಗೆ ಕೊಡಬಹುದು. ಅಧಿಕಾರ ಪಡೆದವರಿಗೆ ಬ್ಯಾಂಕ್ ಖಾತೆ ಇರಲೇಬೇಕೆಂದಿಲ್ಲ. ಅವರು ತಮ್ಮ ಫೋನಿನ ಬೆರಳಚ್ಚಿನಿಂದಲೋ ಆ್ಯಪಿನ ಪಾಸ್‌ಕೋಡಿನಿಂದಲೋ ಪಾವತಿಯನ್ನು ದೃಢಪಡಿಸುತ್ತಾರೆ. ಖಾತೆದಾರನ ಪಿನ್ ಅವರಿಗೆ ತಿಳಿಯುವ ಅಗತ್ಯವೇ ಬರುವುದಿಲ್ಲ. ಅಧಿಕಾರದಲ್ಲಿ ಎರಡು ಬಗೆಗಳಿವೆ. ಭಾಗಶಃ ಅನುಮತಿಯಲ್ಲಿ ಮಗು ಪ್ರತಿ ಸಲ ಹಣ ಕೊಡಲು ಹೊರಟಾಗಲೂ ಕೋರಿಕೆಯೊಂದು ನಮ್ಮ ಫೋನಿಗೆ ಬಂದು, ನಾವು ಪಿನ್ ಒತ್ತಿದ ಮೇಲಷ್ಟೇ ಹಣ ಹೋಗುತ್ತದೆ. ಪೂರ್ಣ ಅನುಮತಿಯಲ್ಲಿ ತಿಂಗಳಿಗೆ ಇಷ್ಟು ಎಂದು ಮೊದಲೇ ಮಿತಿ ಹಾಕಿಡುತ್ತೇವೆ. ಅದರೊಳಗೆ ಮಗು ಯಾರನ್ನೂ ಕೇಳದೆ ಖರ್ಚು ಮಾಡಬಹುದು. ಈ ಮಿತಿ ತಿಂಗಳಿಗೆ 15,000 ರೂಪಾಯಿಯನ್ನೂ ಒಂದು ಸಲದ ಪಾವತಿ 5,000 ರೂಪಾಯಿಯನ್ನೂ ಮೀರುವಂತಿಲ್ಲ.

ಮೊದಲ ಮೂರು ತಿಂಗಳು ನಾವು ಬಳಸಿದ್ದು ಭಾಗಶಃ ಅನುಮತಿಯನ್ನು. ನನ್ನ ಆ್ಯಪಿನಲ್ಲಿ ಆಗ ಇದ್ದದ್ದು ಅದೊಂದೇ ಎಂಬುದು ಕಾರಣದ ಅರ್ಧ ಭಾಗ. ಪ್ರತಿ ರೂಪಾಯಿಯೂ ನನ್ನ ಕೈ ದಾಟಿಯೇ ಹೋಗಲಿ ಎಂಬ ಒಳ ಆಸೆ ಉಳಿದರ್ಧ. ಆ ಆಸೆ ಎಷ್ಟು ತೊಡಕಿನದೆಂದು ಮೊದಲ ವಾರದಲ್ಲಿಯೇ ತಿಳಿಯಿತು. ನಾನು ಪ್ರೌಢಶಾಲೆಯ ಶಿಕ್ಷಕ. ತರಗತಿಗೆ ಹೋಗುವಾಗ ಫೋನನ್ನು ಸ್ಟಾಫ್ ರೂಮಿನಲ್ಲಿ ಬಿಟ್ಟಿರುತ್ತೇನೆ. ಒಂಬತ್ತನೆಯ ತರಗತಿಗೆ ಸಂಧಿ ಪಾಠ ಮಾಡಿ ಹಿಂದಿರುಗಿ ನೋಡಿದರೆ ಜೆರಾಕ್ಸ್ ಅಂಗಡಿಯ 32 ರೂಪಾಯಿಗೊಂದು, ದರ್ಶಿನಿಯ ಕಾಫಿಗೊಂದು, ಲ್ಯಾಬ್ ರೆಕಾರ್ಡ್ ಪುಸ್ತಕಕ್ಕೊಂದು ಕೋರಿಕೆ ಕಾಯುತ್ತಿರುತ್ತಿದ್ದವು, ಅಥವಾ ಕಾದು ಕಾದು ರದ್ದಾಗಿರುತ್ತಿದ್ದವು. ನಮ್ಮ ಮನೆ ಇರುವುದು ಪೇಟೆಯಿಂದ ಹನ್ನೆರಡು ಕಿಲೋಮೀಟರ್ ಒಳಗೆ. ಘಟ್ಟದ ಮೇಲಿನ ಈ ಹಳ್ಳಿಗಳಲ್ಲಿ ಮಳೆ ಜೋರಾಗಿ ಕರೆಂಟ್ ಹೋದರೆ ಹಿಂದೆಯೇ ಮೊಬೈಲ್ ಟವರ್ ಕೂಡ ಸುಮ್ಮನಾಗುತ್ತದೆ. ಅಂತಹ ಒಂದು ಸಂಜೆ ಮಗಳು ಆಟೊ ಚಾಲಕರೆದುರು ಇಪ್ಪತ್ತು ನಿಮಿಷ ನಿಂತು, ಕೊನೆಗೆ ರೂಮ್‌ಮೇಟ್‌ನಿಂದ ಸಾಲ ಪಡೆದು ಬಾಡಿಗೆ ಕೊಟ್ಟಳು. ಹೈಸ್ಕೂಲಿಗೆ ಹೋಗುವ ಮಗುವಿನ ಅಪರೂಪದ ಖರೀದಿಗೆ ಈ ಬಗೆ ಸರಿಹೋದೀತು. ದಿನಕ್ಕೆ ನಾಲ್ಕು ಬಾರಿ ಚಿಲ್ಲರೆ ಖರ್ಚು ಮಾಡುವ ಕಾಲೇಜು ವಿದ್ಯಾರ್ಥಿಗೆ ಇದು ಖಂಡಿತ ಹೊಂದುವುದಿಲ್ಲ.

ಡಿಸೆಂಬರ್‌ನಲ್ಲಿ ಭೀಮ್ ಆ್ಯಪಿನ ಮೂಲಕ ಪೂರ್ಣ ಅನುಮತಿಗೆ ಬದಲಾಯಿಸಿಕೊಂಡೆವು. ತಿಂಗಳಿಗೆ 6,000 ರೂಪಾಯಿ ಮಿತಿ ಇಟ್ಟೆವು. ಪಿಜಿ ಬಾಡಿಗೆಯನ್ನು ನಾನೇ ಬ್ಯಾಂಕಿನಿಂದ ನೇರವಾಗಿ ಕಟ್ಟುತ್ತೇನೆ. ಸಾಮಾನ್ಯ ಬಿಎಂಟಿಸಿ ಬಸ್ಸುಗಳಲ್ಲಿ ಶಕ್ತಿ ಯೋಜನೆಯ ದೆಸೆಯಿಂದ ಟಿಕೆಟ್ ಖರ್ಚಿಲ್ಲ. ಆದ್ದರಿಂದ ತಿಂಡಿ, ಮೆಟ್ರೊ, ಆಟೊ, ಜೆರಾಕ್ಸ್, ಸೋಪು ಮತ್ತು ವಾರಕ್ಕೊಮ್ಮೆಯ ಹೊರಗಿನ ಊಟಕ್ಕೆ ಈ ಮೊತ್ತ ಸಾಲುತ್ತದೆ. ಮೊತ್ತ ಎಷ್ಟಿರಬೇಕೆಂದು ನಿರ್ಧರಿಸಲು ಅವಳೇ ಮೊದಲ ಮೂರು ತಿಂಗಳ ಪಾವತಿಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಕೂಡಿ, ಭಾಗಿಸಿ, ಒಂದು ಸಂಖ್ಯೆ ಹೇಳಿದಳು. ನಾನು ಯೋಚಿಸಿದ್ದಕ್ಕಿಂತ ಅದು 500 ರೂಪಾಯಿ ಕಡಿಮೆಯೇ ಇತ್ತು. ನಾನು ಸೇರಿಸಿದ ಆ 500ನ್ನು ಅವಳು ಇದುವರೆಗೆ ಒಂದೇ ತಿಂಗಳು ಬಳಸಿದ್ದಾಳೆ.

ಪೂರ್ಣ ಅನುಮತಿಯಲ್ಲಿ ಕೇಳಬೇಕಾಗಿಲ್ಲ ನಿಜ, ಆದರೆ ಕಾಣುವುದು ತಪ್ಪುವುದಿಲ್ಲ. ಮಗಳ ಪ್ರತಿಯೊಂದು ಪಾವತಿಯೂ ನನ್ನ ಫೋನಿನಲ್ಲಿ ದಾಖಲಾಗುತ್ತದೆ. ಜನವರಿಯ ಒಂದು ರಾತ್ರಿ ಹನ್ನೊಂದೂವರೆಗೆ ಮೆಡಿಕಲ್ ಶಾಪ್ ಒಂದಕ್ಕೆ 410 ರೂಪಾಯಿ ಹೋದದ್ದನ್ನು ಕಂಡು ಗಾಬರಿಯಿಂದ ಫೋನ್ ಮಾಡಿದೆ. ರೂಮ್‌ಮೇಟ್‌ಗೆ ಜ್ವರವಂತೆ, ಔಷಧಿ ತಂದುಕೊಟ್ಟು ಇವಳು ಮಲಗಿಯೂ ಆಗಿತ್ತು. ಮಾರನೆಯ ದಿನ ಅವಳು ಬಹಳ ಮೆತ್ತಗೆ, "ಅಪ್ಪ, ನೀನು ಫೋನ್ ಮಾಡಿದಾಗಲೆಲ್ಲ ನನ್ನ ವಿಚಾರಿಸೋಕೋ ಲೆಕ್ಕ ಕೇಳೋಕೋ ಅಂತ ಗೊತ್ತಾಗಲ್ಲ" ಎಂದಳು. ಆ ಮಾತು ನಾಟಿತು. ನಾನು ಹಾಸ್ಟೆಲಿನಲ್ಲಿ ಓದಿದ ಕಾಲದಲ್ಲಿ ಮನಿ ಆರ್ಡರಿನ ಹಣ ಕೈಸೇರಿದ ಮೇಲೆ ಅದು ಎಲ್ಲಿ ಖರ್ಚಾಯಿತೆಂದು ನನ್ನ ಅಪ್ಪನಿಗೆ ತಿಳಿಯುವ ದಾರಿಯೇ ಇರಲಿಲ್ಲ, ಮತ್ತು ಆ ಹಣದಲ್ಲಿ ನಾನು ನೋಡಿದ ಸಿನಿಮಾಗಳ ಲೆಕ್ಕ ಇಂದಿಗೂ ಯಾರಿಗೂ ತಿಳಿದಿಲ್ಲ. ಈಗ ಸಾವಿರ ರೂಪಾಯಿಯ ಕೆಳಗಿನ ಯಾವ ಪಾವತಿಯ ಬಗ್ಗೆಯೂ ಪ್ರಶ್ನೆ ಕೇಳುವುದಿಲ್ಲವೆಂದು ಅವಳಿಗೆ ಮಾತು ಕೊಟ್ಟಿದ್ದೇನೆ. ದಿನದ ಪಾವತಿಗಳ ವಿವರ ಅಡಗಿಸಿ, ತಿಂಗಳ ಒಟ್ಟು ಮೊತ್ತವನ್ನಷ್ಟೇ ತೋರಿಸುವ ಆಯ್ಕೆಯೊಂದು ಇದ್ದಿದ್ದರೆ ನಾನು ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು ಇನ್ನಷ್ಟು ಸುಲಭವಾಗುತ್ತಿತ್ತು. ಈ ಸೌಲಭ್ಯದಲ್ಲಿ ನನಗೆ ಕಂಡ ದೊಡ್ಡ ಕೊರತೆ ಇದೇ.

ಎರಡನೆಯ ಕೊರತೆ ನನ್ನ ಪತ್ನಿಯದು. ಒಬ್ಬರು ಒಬ್ಬ ಖಾತೆದಾರರಿಂದ ಮಾತ್ರ ಅಧಿಕಾರ ಪಡೆಯಬಹುದೆಂಬುದು ನಿಯಮ. ಅಪ್ಪನ ಖಾತೆಗೆ ಜೋಡಿಸಿಕೊಂಡ ಮಗಳನ್ನು ಅಮ್ಮ ತನ್ನ ಖಾತೆಗೂ ಜೋಡಿಸಲಾಗದು. ಅಡಿಕೆ ಮಾರಿದ ಹಣ ಬರುವುದು ಅವಳ ಖಾತೆಗೆ. ಹೀಗಾಗಿ ಅವಳು ನನಗೆ ಕಳುಹಿಸಿ, ಅದು ನನ್ನ ಮೂಲಕ ಮಗಳಿಗೆ ತಲುಪುವ ಸುತ್ತುದಾರಿ ಹಿಡಿಯಬೇಕಾಗಿದೆ. ಅಜ್ಜಿ ಮಾತ್ರ ಇದ್ಯಾವುದರ ಗೊಡವೆಗೂ ಹೋಗದೆ ಮೊಮ್ಮಗಳು ಊರಿಗೆ ಬಂದಾಗಲೆಲ್ಲ 500ರ ನೋಟನ್ನು ಮಡಚಿ ಕೈಗಿಡುತ್ತಾಳೆ.

ಮೂರನೆಯದು ಎಚ್ಚರಿಕೆಯ ಮಾತು. ಹಣ ಹೋಗುವುದು ನಮ್ಮ ಖಾತೆಯಿಂದಾದ್ದರಿಂದ ನಮ್ಮ ಬ್ಯಾಂಕಿನ ಸರ್ವರ್ ಮಲಗಿದರೆ ಮಗುವಿನ ಪಾವತಿಯೂ ನಿಲ್ಲುತ್ತದೆ. ಫೆಬ್ರುವರಿಯ ಒಂದು ಭಾನುವಾರ ನನ್ನ ಬ್ಯಾಂಕು ಅರ್ಧ ದಿನ ಹೀಗೆ ಕೈಕೊಟ್ಟಿತು. ಅಂದಿನಿಂದ ಮಗಳ ಸ್ವಂತ ಉಳಿತಾಯ ಖಾತೆಯಲ್ಲಿ 2,000 ರೂಪಾಯಿ ಮತ್ತು ಅವಳ ಪರ್ಸಿನಲ್ಲಿ 300 ರೂಪಾಯಿ ನಗದು ಸದಾ ಇರುವಂತೆ ನೋಡಿಕೊಂಡಿದ್ದೇವೆ.

ಜೋಡಿಸುವ ಕೆಲಸವನ್ನು ಮಗು ಮನೆ ಬಿಡುವ ಎರಡು ದಿನ ಮೊದಲೇ ಮುಗಿಸುವುದು ಒಳ್ಳೆಯದು. ಇಬ್ಬರ ಫೋನುಗಳೂ ಅಕ್ಕಪಕ್ಕದಲ್ಲಿದ್ದರೆ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವುದು ನಿಮಿಷದ ಕೆಲಸ. ಮಗುವಿನ ಮೊಬೈಲ್ ಸಂಖ್ಯೆಯನ್ನು ಸಂಪರ್ಕ ಪಟ್ಟಿಯಿಂದಲೇ ಆರಿಸಬೇಕಾಗುವುದರಿಂದ ಹೊಸ ಸಿಮ್ ಕೊಡಿಸಿದ್ದರೆ ಆ ಸಂಖ್ಯೆಯನ್ನು ಮೊದಲೇ ಉಳಿಸಿಟ್ಟುಕೊಳ್ಳಿ. ಜೋಡಿಸಿದ ಮೊದಲ 24 ಗಂಟೆಗಳಲ್ಲಿ 5,000 ರೂಪಾಯಿಗಿಂತ ಹೆಚ್ಚು ಖರ್ಚು ಮಾಡಲು ಬರುವುದಿಲ್ಲ. ಕಾಲೇಜು ಸೇರುವ ದಿನವೇ ಜೋಡಿಸಿ, ಪಿಜಿಯ ಅಡ್ವಾನ್ಸನ್ನು ಇದರಿಂದಲೇ ಕೊಡುತ್ತೇವೆಂದು ಹೊರಟರೆ ಕೌಂಟರಿನೆದುರು ಪೇಚಾಡಬೇಕಾಗುತ್ತದೆ. ಫೋನ್ ಕಳೆದುಹೋದರೆ ನಾವು ಊರಿನಲ್ಲಿ ಕುಳಿತೇ ಅಧಿಕಾರವನ್ನು ಆ ಕ್ಷಣವೇ ಹಿಂಪಡೆಯಬಹುದೆಂಬುದು ಎಟಿಎಂ ಕಾರ್ಡ್ ಕೊಟ್ಟು ಕಳುಹಿಸುವುದಕ್ಕಿಂತ ಇದನ್ನು ಮೇಲೆಂದು ನಾನು ಹೇಳಲು ಮುಖ್ಯ ಕಾರಣ.

ಐದು ಅಂಕಗಳಲ್ಲಿ ಪೂರ್ಣ ಅನುಮತಿಗೆ ನಾಲ್ಕು, ಭಾಗಶಃ ಅನುಮತಿಗೆ ಎರಡು ಕೊಡುತ್ತೇನೆ. ಅಧಿಕಾರದ ಅವಧಿಯನ್ನು ಐದು ವರ್ಷದವರೆಗೂ ಇಡಲು ಅವಕಾಶವಿದ್ದರೂ ನಾವು ಜೂನ್ ಕೊನೆಯವರೆಗೆ ಮಾತ್ರ ಇಟ್ಟಿದ್ದೇವೆ. ಎರಡನೆಯ ವರ್ಷದಿಂದ ತಿಂಗಳ ಹಣವನ್ನು ಒಂದನೆಯ ತಾರೀಕಿಗೆ ತನ್ನ ಖಾತೆಗೇ ಹಾಕಬೇಕೆಂದು ಮಗಳು ಈಗಾಗಲೇ ಕೇಳಿದ್ದಾಳೆ. ಅವಳ ಅಮ್ಮ ಒಪ್ಪಿಯೂ ಆಗಿದೆ.