ಮನೆ ಅಭ್ಯಾಸಕ್ಕೆ ಚೀಟಿಯೋ, ವಿಡಿಯೋವೋ, ಆಡಿಯೋವೋ?

ಮುಂಬೈಯ ಮಾಟುಂಗಾ, ಡೊಂಬಿವಲಿ ಕಡೆ ಪಿಲಾಟಿಸ್ (ಉಸಿರಿನ ಜೊತೆ ಹೊಟ್ಟೆ, ಬೆನ್ನಿನ ಸ್ನಾಯುಗಳನ್ನು ಗಟ್ಟಿ ಮಾಡುವ ವ್ಯಾಯಾಮ) ಕಲಿಸುವವರಿಗೆ ಮಳೆಗಾಲದಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ: ಲೋಕಲ್ ರೈಲು ನಿಂತು ಕ್ಲಾಸ್ ತಪ್ಪಿದ ದಿನ ಕಲಿಯುವವರು ತಾವೇ ಅಭ್ಯಾಸ ಮಾಡಲು ಏನು ಕೊಡಬೇಕು?

ಬರೆದ ಚೀಟಿ, ವಿಡಿಯೋ, ಆಡಿಯೋ, ಮೂರಕ್ಕೂ ಖರ್ಚು ಹೆಚ್ಚುಕಡಿಮೆ ಒಂದೇ. ನಿಜವಾದ ವ್ಯತ್ಯಾಸ ಕಾಣುವುದು ಕುತ್ತಿಗೆಯಲ್ಲಿ. ‘ಹಂಡ್ರೆಡ್’ (ಅಂಗಾತ ಮಲಗಿ, ಕಾಲೆತ್ತಿ, ನೂರು ಎಣಿಸುವವರೆಗೆ ಕೈ ಮೇಲೆ-ಕೆಳಗೆ ಆಡಿಸುವ ವ್ಯಾಯಾಮ) ಮಾಡುವಾಗ ತಲೆ ಎತ್ತಿ, ನೋಟ ಹೊಟ್ಟೆಯ ಕಡೆ ಇರಬೇಕು. ಪಕ್ಕದ ಮೊಬೈಲ್ ನೋಡಲು ಕತ್ತು ತಿರುಗಿಸಿದರೆ ಅಲ್ಲೇ ಸೆಳೆತ ಶುರು. ಆಡಿಯೋದಲ್ಲಿ ಈ ತೊಂದರೆಯಿಲ್ಲ: ಉಸಿರು ಒಳಗೆ 5 ಎಣಿಕೆ, ಹೊರಗೆ 5, ಹೀಗೆ 10 ಸುತ್ತು. ಆದರೆ ಭಂಗಿ ಇನ್ನೂ ಕೂರದವರಿಗೆ ಬರೀ ಮಾತು ಸಾಲದು. ಹೊಸಬರಿಗೆ ಚಿಕ್ಕ ವಿಡಿಯೋವೇ ಸರಿ, ಆದರೆ ಮೊದಲು ಪೂರ್ತಿ ನೋಡಿ, ಮೊಬೈಲ್ ಬದಿಗಿಟ್ಟು ಆಮೇಲೆ ಮಾಡಲಿ.

ಆರು ತಿಂಗಳು ದಾಟಿದವರಿಗೆ ನಮ್ಮ ಒಲವು ಚೀಟಿಯ ಕಡೆಗೆ. ಐದೇ ವ್ಯಾಯಾಮ, ಪ್ರತಿಯೊಂದಕ್ಕೂ ಒಂದು ತಪ್ಪಿನ ಗುರುತು ಮತ್ತು ಪರಿಹಾರ: “ಸೊಂಟ ನೆಲ ಬಿಟ್ಟು ಕಮಾನಾಯಿತೇ? ಕಾಲು ಇನ್ನಷ್ಟು ಮೇಲೆತ್ತು.” ಇದನ್ನು ಅವರ ಕೈಯಿಂದಲೇ, ಅವರದೇ ಕನ್ನಡದಲ್ಲಿ ಬರೆಸಿ. ಏಕೆಂದರೆ ನೀವು ಬರೆದುಕೊಟ್ಟದ್ದು ಫ್ರಿಜ್ ಮೇಲೇ ಉಳಿಯುತ್ತದೆ.

ಆಸ್ಟಿಯೊಪೊರೋಸಿಸ್ (ಮೂಳೆ ಸವೆದು ಬಲ ಕಳೆದುಕೊಳ್ಳುವ ಕಾಯಿಲೆ) ಇರುವವರಿಗೆ ಮಾತ್ರ ಯಾವುದನ್ನು ಕೊಟ್ಟರೂ ತಲೆ, ಎದೆ ಎತ್ತಿ ಬೆನ್ನು ಬಾಗಿಸುವುದು ಬೇಡ. ತಲೆ ಚಾಪೆಯ ಮೇಲೇ ಇರಲಿ.